ಹೊರಗಿನ ಚಾರ್ಜ್ ಲೆಕ್ಕಕ್ಕಿಲ್ಲ ಅಂತಾರೆ. ಹಾಗಾದರೆ ಅದರ ಕ್ಷೇತ್ರ ಎಲ್ಲಿಗೆ ಹೋಯಿತು?

ದುರ್ಗದ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ದ್ವಿತೀಯ ಪಿಯುಸಿ, ಪಿಸಿಎಂಬಿ. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದೆ. ಈಗ ಎಲ್ಲವೂ ಇಂಗ್ಲಿಷಿನಲ್ಲಿ. ಭೌತಶಾಸ್ತ್ರದ ಮೊದಲನೇ ಅಧ್ಯಾಯದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ದಯವಿಟ್ಟು ಕನ್ನಡದಲ್ಲೇ ಬಿಡಿಸಿ ಹೇಳಿ.

ಲೆಕ್ಕ ಇದು. 10 ಸೆಂ.ಮೀ. ತ್ರಿಜ್ಯದ ಒಂದು ಗೋಳವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಅದರೊಳಗೆ +3 ಮೈಕ್ರೋಕೂಲಂಬ್ ಮತ್ತು −1 ಮೈಕ್ರೋಕೂಲಂಬ್ ಚಾರ್ಜ್ ಇವೆ. ಗೋಳದ ಹೊರಗೆ, ಕೇಂದ್ರದಿಂದ 30 ಸೆಂ.ಮೀ. ದೂರದಲ್ಲಿ +5 ಮೈಕ್ರೋಕೂಲಂಬ್ ಇದೆ. ಗೋಳದ ಮೂಲಕ ಹೋಗುವ ಒಟ್ಟು ವಿದ್ಯುತ್ ಫ್ಲಕ್ಸ್ ಎಷ್ಟು?

ನಾನು ಮೂರನ್ನೂ ಕೂಡಿಸಿ 7 ಹಾಕಿದೆ. ಉತ್ತರ 2 ಇಟ್ಟುಕೊಂಡು ಮಾಡಬೇಕಂತೆ. ಟ್ಯೂಷನ್‌ನಲ್ಲಿ ಕೇಳಿದರೆ "ಹೊರಗಿನದು ಬೇಡ, ಸೂತ್ರ ನೆನಪಿಟ್ಟುಕೋ, ಮುಂದಿನ ಲೆಕ್ಕ ಮಾಡು" ಅಂದರು. ಮನೆಗೆ ಬಂದು ನಾನೇ ಒಂದು ಲೆಕ್ಕ ಹಾಕಿದೆ. ಆ 5 ಮೈಕ್ರೋಕೂಲಂಬ್‌ನಿಂದ ಗೋಳದ ಹತ್ತಿರದ ಬಿಂದು 20 ಸೆಂ.ಮೀ. ದೂರದಲ್ಲಿದೆ. ಅಲ್ಲಿ ಅದರ ಕ್ಷೇತ್ರ ಸುಮಾರು 11 ಲಕ್ಷ ನ್ಯೂಟನ್ ಪ್ರತಿ ಕೂಲಂಬ್ ಬರುತ್ತದೆ. ಇಷ್ಟು ದೊಡ್ಡ ಕ್ಷೇತ್ರ ಗೋಳದ ಮೇಲೆ ಇದ್ದೂ ಫ್ಲಕ್ಸ್‌ಗೆ ಅದರ ಪಾಲು ಸೊನ್ನೆ ಅಂದರೆ ಹೇಗೆ ಒಪ್ಪಿಕೊಳ್ಳುವುದು?

ಬಿಎಸ್ಸಿ_ಕೊನೇ_ವರ್ಷ

ಉತ್ತರ 2 ಸರಿಯೇ. ಒಳಗಿನ ಒಟ್ಟು ಚಾರ್ಜ್ 3 − 1 = 2 ಮೈಕ್ರೋಕೂಲಂಬ್. ಅದನ್ನು ಎಪ್ಸಿಲಾನ್ ನಾಟ್ ಅನ್ನುವ ಸ್ಥಿರಾಂಕ, ಅಂದರೆ 8.854 × 10⁻¹² ಇಂದ ಭಾಗಿಸಿದರೆ ಸುಮಾರು 2.26 × 10⁵ ನ್ಯೂಟನ್ ಮೀಟರ್² ಪ್ರತಿ ಕೂಲಂಬ್. ಗಾಸ್ ನಿಯಮ ಅಷ್ಟೇ ಹೇಳುವುದು: ಎಡಗಡೆ ಮುಚ್ಚಿದ ಮೇಲ್ಮೈಯ ಒಟ್ಟು ಫ್ಲಕ್ಸ್, ಬಲಗಡೆ ಒಳಗಿನ ಒಟ್ಟು ಚಾರ್ಜ್ ÷ ಎಪ್ಸಿಲಾನ್ ನಾಟ್. ಹೊರಗಿನ ಚಾರ್ಜ್‌ನಿಂದ ಎಷ್ಟು ಕ್ಷೇತ್ರ ರೇಖೆ ಒಳಗೆ ಬರುತ್ತವೋ ಅಷ್ಟೇ ಹೊರಗೆ ಹೋಗುತ್ತವೆ.

ದುರ್ಗದ_ಹುಡುಗಿ

ಅಣ್ಣಾ, ಈ ವಾಕ್ಯ ಪುಸ್ತಕದಲ್ಲೂ ಇದೆ. ಆದರೆ ಹತ್ತಿರದ ಬದಿಯಲ್ಲಿ ಕ್ಷೇತ್ರ 11 ಲಕ್ಷ. ಆಚೆ ಬದಿ 40 ಸೆಂ.ಮೀ. ದೂರದಲ್ಲಿದೆ, ಅಲ್ಲಿ 2.8 ಲಕ್ಷ ಮಾತ್ರ. ಒಳಗೆ ಬರುವುದು ಜಾಸ್ತಿ, ಹೊರಗೆ ಹೋಗುವುದು ಕಡಿಮೆ ಆಗಬೇಕು ಅಲ್ವಾ? ರೇಖೆಗಳನ್ನು ನಾವು ಸುಮ್ನೆ ಪೆನ್ಸಿಲ್‌ನಲ್ಲಿ ಗೀಚಿದ್ದು. ಅದನ್ನು ಎಣಿಸಿ ಸಮ ಅಂದರೆ ನನಗೆ ನಂಬಿಕೆ ಬರುವುದಿಲ್ಲ.

ಹಳೇ_ಮೇಷ್ಟ್ರು

ನೋಡಮ್ಮಾ, ನಿನ್ನ ಪ್ರಶ್ನೆ ಬಹಳ ಚೆನ್ನಾಗಿದೆ. ಪಿಯು ತರಗತಿಗಳಿಗೆ ನಾನು ಬಹಳ ವರ್ಷ ಪಾಠ ಮಾಡಿದ್ದೇನೆ. 11 ಲಕ್ಷ ಎಲ್ಲಿ ಹೋಯಿತು ಅಂತ ಲೆಕ್ಕ ಹಾಕಿ ಕೇಳಿದವರು ಕಡಿಮೆ. ಆತುರ ಬೇಡ. ಮೊದಲು ಫ್ಲಕ್ಸ್ ಅಂದರೆ ಏನು ಅಂತ ಗಟ್ಟಿ ಮಾಡಿಕೊಳ್ಳೋಣ.

ನಮ್ಮ ಕಡೆ ಭದ್ರಾ ನಾಲೆ ಹರಿಯುತ್ತದೆ. ಅದರಲ್ಲಿ ಒಂದು ಜರಡಿಯನ್ನು ನೀರಿಗೆ ಎದುರಾಗಿ ಹಿಡಿದೆ ಅಂದುಕೋ. ಜರಡಿಯ ಮೂಲಕ ಸೆಕೆಂಡಿಗೆ ಎಷ್ಟು ನೀರು ಹೋಗುತ್ತದೆ? ಅದು ಮೂರು ವಿಷಯದ ಮೇಲೆ ನಿಂತಿದೆ. ನೀರಿನ ವೇಗ, ಜರಡಿಯ ವಿಸ್ತೀರ್ಣ, ಜರಡಿ ಎಷ್ಟು ವಾಲಿದೆ ಅನ್ನುವುದು. ನೀರಿಗೆ ನೇರ ಎದುರು ಹಿಡಿದರೆ ಪೂರ್ತಿ ನೀರು ಹಾಯುತ್ತದೆ. ಹರಿವಿನ ಉದ್ದಕ್ಕೆ ಮಲಗಿಸಿದರೆ ನೀರು ಜರಡಿಯ ಪಕ್ಕದಲ್ಲೇ ಜಾರಿ ಹೋಗುತ್ತದೆ, ತೂತಿನಿಂದ ಏನೂ ಹಾಯುವುದಿಲ್ಲ. ನೀರಿನ ವೇಗದ ಜಾಗದಲ್ಲಿ ವಿದ್ಯುತ್ ಕ್ಷೇತ್ರ ಇಡು. ಅದೇ ಫ್ಲಕ್ಸ್: ಕ್ಷೇತ್ರ × ವಿಸ್ತೀರ್ಣ × ಕೋನದ ಕೊಸೈನ್.

ಇಲ್ಲಿ ಒಂದು ಎಚ್ಚರಿಕೆ. ಆ ಕೋನವನ್ನು ಜರಡಿಯ ಮೈಯಿಂದ ಅಳೆಯಬಾರದು. ಜರಡಿಗೆ ಲಂಬವಾಗಿ ಒಂದು ಕಡ್ಡಿ ಚುಚ್ಚಿದ್ದೀಯ ಅಂದುಕೋ, ಆ ಕಡ್ಡಿಯಿಂದ ಅಳೆಯಬೇಕು. ಪ್ರಶ್ನೆಯಲ್ಲಿ "ಮೇಲ್ಮೈ ಜೊತೆ 30 ಡಿಗ್ರಿ" ಅಂತ ಕೊಟ್ಟರೆ ನೀನು ಹಾಕಬೇಕಾದದ್ದು 60. ಈ ಒಂದು ತಪ್ಪಿಗೆ ಎಷ್ಟೋ ಮಕ್ಕಳು ಅಂಕ ಕಳೆದುಕೊಂಡದ್ದನ್ನು ನಾನೇ ನೋಡಿದ್ದೇನೆ.

ಈಗ ಎರಡು ಬಿದಿರಿನ ಬುಟ್ಟಿಗಳನ್ನು ಬಾಯಿಗೆ ಬಾಯಿ ಕೊಟ್ಟು ಕಟ್ಟು. ಅದು ಮುಚ್ಚಿದ ಮೇಲ್ಮೈ. ಅದನ್ನು ನಾಲೆಯಲ್ಲಿ ಮುಳುಗಿಸು. ಒಂದು ಕಡೆಯಿಂದ ನೀರು ನುಗ್ಗುತ್ತದೆ, ಇನ್ನೊಂದು ಕಡೆಯಿಂದ ಹೊರಡುತ್ತದೆ. ಹೊರಗೆ ಹೋದದ್ದಕ್ಕೆ ಪ್ಲಸ್, ಒಳಗೆ ಬಂದದ್ದಕ್ಕೆ ಮೈನಸ್ ಹಾಕಿದರೆ ಮೊತ್ತ ಸೊನ್ನೆ. ಬುಟ್ಟಿಯೊಳಗೆ ಒಂದು ಪೈಪ್ ತೂರಿಸಿ ನೀರು ಬಿಟ್ಟರೆ? ಆಗ ಒಳಗೆ ಬಂದದ್ದಕ್ಕಿಂತ ಹೊರಗೆ ಹೋದದ್ದು ಜಾಸ್ತಿ. ಎಷ್ಟು ಜಾಸ್ತಿ? ಪೈಪ್ ಕೊಟ್ಟಷ್ಟೇ. ನಾಲೆ ಎಷ್ಟೇ ರಭಸವಾಗಿ ಹರಿಯಲಿ, ಆ ವ್ಯತ್ಯಾಸ ಬದಲಾಗುವುದಿಲ್ಲ. ಪೈಪ್ ನಮ್ಮ ಒಳಗಿನ ಚಾರ್ಜ್. ನಾಲೆ ಹೊರಗಿನ ಚಾರ್ಜ್.

ಲೈನ್_ಎಂಜಿನಿಯರ್_ಹುಬ್ಬಳ್ಳಿ

ಸರ್, ಬುಟ್ಟಿಯ ಹೋಲಿಕೆ ಹಿಡಿಸಿತು. ಆದರೆ ಒಂದು ಮಾತು ಸೇರಿಸುತ್ತೇನೆ. ವಿದ್ಯುತ್ ಕ್ಷೇತ್ರದಲ್ಲಿ ಏನೂ ಹರಿಯುವುದಿಲ್ಲ. ಫ್ಲಕ್ಸ್ ಪದದ ಲ್ಯಾಟಿನ್ ಮೂಲಕ್ಕೆ ಹರಿಯುವುದು ಅನ್ನುವ ಅರ್ಥ ಇದೆ, ಅಷ್ಟೇ. ಎಷ್ಟೋ ಹುಡುಗರು ಚಾರ್ಜ್‌ನಿಂದ ಏನೋ ಸೋರಿ ಹೋಗುತ್ತಿದೆ, ಸ್ವಲ್ಪ ಹೊತ್ತಿಗೆ ಚಾರ್ಜ್ ಖಾಲಿಯಾಗುತ್ತದೆ ಅಂದುಕೊಳ್ಳುತ್ತಾರೆ. ಕರೆಂಟನ್ನೂ ಇದನ್ನೂ ಕಲಸಿಬಿಡುತ್ತಾರೆ. ಅದಕ್ಕೇ ಹೇಳಿದೆ.

ಹಳೇ_ಮೇಷ್ಟ್ರು

ನೀವು ಹೇಳಿದ್ದು ಸರಿ. ಹೋಲಿಕೆ ಲೆಕ್ಕದ ಮಟ್ಟಕ್ಕೆ ಮಾತ್ರ. ಸೆಕೆಂಡು ಅನ್ನುವುದು ಫ್ಲಕ್ಸ್‌ನ ಏಕಮಾನದಲ್ಲಿ ಎಲ್ಲೂ ಬಿಡಿಯಾಗಿ ಕಾಣುವುದಿಲ್ಲ, ನೋಡಿ. ಇಷ್ಟು ಕ್ಷೇತ್ರ, ಇಷ್ಟು ವಿಸ್ತೀರ್ಣ, ಅಷ್ಟೇ ಇರುವುದು.

ಬಿಎಸ್ಸಿ_ಕೊನೇ_ವರ್ಷ

ತಂಗಿ, ನಿನ್ನ 11 ಲಕ್ಷ ಮತ್ತು 2.8 ಲಕ್ಷಕ್ಕೆ ನಾನು ಉತ್ತರ ಬಾಕಿ ಇಟ್ಟಿದ್ದೆ. ರೇಖೆ ಬಿಡು. ಅಂಕಿಯಲ್ಲೇ ನೋಡೋಣ.

ಕಡಲೆಕಾಯಿ ಪೊಟ್ಟಣ ಗೊತ್ತಲ್ವಾ, ಕಾಗದ ಸುತ್ತಿದ್ದು. ಅದರ ಚೂಪು ತುದಿಯನ್ನು ಹೊರಗಿನ +5 ಮೈಕ್ರೋಕೂಲಂಬ್ ಮೇಲೆ ಇಡು. ಅಗಲದ ಬಾಯಿ ನಿನ್ನ ಗೋಳದ ಕಡೆ ಇರಲಿ. ಪೊಟ್ಟಣ ಬಹಳ ಸಪೂರ. ಅದು ಗೋಳವನ್ನು 20 ಸೆಂ.ಮೀ. ಹತ್ತಿರ ಸೇರುತ್ತದೆ, ಕೇಂದ್ರದ ಮೂಲಕ ಹಾದು 40 ಸೆಂ.ಮೀ. ಹತ್ತಿರ ಹೊರಬರುತ್ತದೆ. ಹತ್ತಿರದ ಬದಿಯಲ್ಲಿ ಪೊಟ್ಟಣ ಕತ್ತರಿಸುವ ತುಂಡಿನ ವಿಸ್ತೀರ್ಣ 1 ಚದರ ಸೆಂ.ಮೀ. ಅಂದುಕೋ. ಆಚೆ ಬದಿಯಲ್ಲಿ ಎಷ್ಟು? ದೂರ ಎರಡು ಪಟ್ಟು. ಕತ್ತರಿಸುವ ತುಂಡಿನ ಅಗಲ ಎರಡು ಪಟ್ಟು, ಉದ್ದವೂ ಎರಡು ಪಟ್ಟು. ಆದ್ದರಿಂದ ವಿಸ್ತೀರ್ಣ 4 ಚದರ ಸೆಂ.ಮೀ.

ಹತ್ತಿರದ ತುಂಡು: 11.25 ಲಕ್ಷ × 0.0001 ಚದರ ಮೀಟರ್ = 112.5. ಇದು ಒಳಗೆ ಬರುತ್ತಿದೆ, ಆದ್ದರಿಂದ −112.5.

ದೂರದ ತುಂಡು: 2.8125 ಲಕ್ಷ × 0.0004 ಚದರ ಮೀಟರ್ = 112.5. ಇದು ಹೊರಗೆ ಹೋಗುತ್ತಿದೆ, ಆದ್ದರಿಂದ +112.5.

ಮೊತ್ತ ಸೊನ್ನೆ. ಕ್ಷೇತ್ರ ನಾಲ್ಕನೇ ಒಂದು ಭಾಗ ಆಯಿತು, ಅದನ್ನು ಹಿಡಿಯುವ ಜಾಗ ನಾಲ್ಕು ಪಟ್ಟು ಆಯಿತು. ನೀನು ಕ್ಷೇತ್ರವನ್ನು ಮಾತ್ರ ನೋಡಿದೆ. ಫ್ಲಕ್ಸ್‌ನಲ್ಲಿ ವಿಸ್ತೀರ್ಣವೂ ಇದೆ.

ಗೋಳ ಪೂರ್ತಿಯನ್ನು ಇಂಥ ಸಾವಿರಾರು ಪೊಟ್ಟಣಗಳಿಂದ ತುಂಬಬಹುದು. ಅಂಚಿನ ಪೊಟ್ಟಣಗಳು ಗೋಳವನ್ನು ಓರೆಯಾಗಿ ಕತ್ತರಿಸುತ್ತವೆ. ಓರೆ ತುಂಡಿನ ವಿಸ್ತೀರ್ಣ ಜಾಸ್ತಿಯಾಗುತ್ತದೆ, ಆದರೆ ಕೊಸೈನ್ ಅದನ್ನು ಸರಿಯಾಗಿ ಅಷ್ಟೇ ಇಳಿಸುತ್ತದೆ. ಹಾಗಾಗಿ ಪ್ರತಿ ಪೊಟ್ಟಣಕ್ಕೂ ಸೊನ್ನೆ. ಮೇಲ್ಮೈ ಗೋಳವೇ ಆಗಬೇಕಿಲ್ಲ. ಗೋಡಂಬಿ ಆಕಾರ ಇರಲಿ, ಸೊಟ್ಟಪಟ್ಟ ಆಲೂಗಡ್ಡೆ ಇರಲಿ, ಹೊರಗಿನಿಂದ ಹೊರಟ ಪೊಟ್ಟಣ ಎಷ್ಟು ಸಲ ಒಳಗೆ ಹೋಗುತ್ತದೋ ಅಷ್ಟೇ ಸಲ ಹೊರಗೆ ಬರಲೇಬೇಕು.

ಒಳಗಿನ ಚಾರ್ಜ್‌ನಿಂದ ಹೊರಟ ಪೊಟ್ಟಣ ಮಾತ್ರ ಬೇರೆ. ಅದು ಒಳಗೇ ಹುಟ್ಟಿದ್ದು. ಒಂದು ಸಲ ಹೊರಗೆ ಹೋಗುತ್ತದೆ, ಆ ಲೆಕ್ಕ ಸರಿದೂಗಿಸಲು ಒಳಬಂದದ್ದು ಯಾವುದೂ ಇಲ್ಲ.

ದುರ್ಗದ_ಹುಡುಗಿ

ಅಣ್ಣಾ, ಈಗ ಗೊತ್ತಾಯಿತು! 112.5 ಎರಡೂ ಕಡೆ ಬಂದಾಗ ನಾನೇ ಇನ್ನೊಂದು ಸಲ ಹಾಕಿ ನೋಡಿದೆ. ಇದರ ಪ್ರಕಾರ ಒಂದೇ ಚಾರ್ಜ್ ಮಧ್ಯದಲ್ಲಿಟ್ಟು ಗೋಳವನ್ನು ದೊಡ್ಡದು ಮಾಡುತ್ತಾ ಹೋದರೂ ಫ್ಲಕ್ಸ್ ಅಷ್ಟೇ ಇರಬೇಕು. 1 ಮೈಕ್ರೋಕೂಲಂಬ್ ಇಟ್ಟು ಮಾಡಿದೆ. 10 ಸೆಂ.ಮೀ. ಗೋಳಕ್ಕೆ ಕ್ಷೇತ್ರ 9 ಲಕ್ಷ, ವಿಸ್ತೀರ್ಣ 0.1257 ಚದರ ಮೀಟರ್. 20 ಸೆಂ.ಮೀ. ಗೋಳಕ್ಕೆ ಕ್ಷೇತ್ರ 2.25 ಲಕ್ಷ, ವಿಸ್ತೀರ್ಣ 0.5027. ಎರಡಕ್ಕೂ 1.13 × 10⁵ ಬಂತು.

ಆದರೆ ಇನ್ನೊಂದು ಅನುಮಾನ ಉಳಿಯಿತು. ಗಾಸ್ ನಿಯಮದ ಎಡಗಡೆ ಇರುವ ಕ್ಷೇತ್ರ, ಅದು ಒಳಗಿನ ಚಾರ್ಜ್‌ನದು ಮಾತ್ರವೋ, ಎಲ್ಲರದ್ದೂ ಸೇರಿಯೋ?

ಹಳೇ_ಮೇಷ್ಟ್ರು

ಎಲ್ಲರದ್ದೂ ಸೇರಿ. ಇಡೀ ಪಾಠದಲ್ಲಿ ಜನ ಜಾಸ್ತಿ ಎಡವುವುದು ಇಲ್ಲೇ. ಎಡಗಡೆ ಕ್ಷೇತ್ರ ಅಂದರೆ ಆ ಬಿಂದುವಿನಲ್ಲಿ ನಿಜವಾಗಿ ಇರುವ ಕ್ಷೇತ್ರ. ಅಲ್ಲಿ ಒಂದು ಸಣ್ಣ ಚಾರ್ಜ್ ಇಟ್ಟರೆ ಅದಕ್ಕೆ ಯಾರು ತಳ್ಳುತ್ತಿದ್ದಾರೆ ಅನ್ನುವುದು ಗೊತ್ತಾಗುವುದಿಲ್ಲ, ಒಟ್ಟು ತಳ್ಳಾಟ ಮಾತ್ರ ಗೊತ್ತಾಗುತ್ತದೆ. ಒಳಗಿನ +3, −1, ಹೊರಗಿನ +5, ಮೂರೂ ಸೇರಿಯೇ ತಳ್ಳುವುದು. ಬಲಗಡೆ ಮಾತ್ರ ಒಳಗಿನ ಚಾರ್ಜ್.

ನೀನು ಹೊರಗಿನ +5 ಅನ್ನು ಹತ್ತಿರ ತಂದೆ ಅಂದುಕೋ. ಗೋಳದ ಪ್ರತಿ ಬಿಂದುವಿನಲ್ಲೂ ಕ್ಷೇತ್ರ ಬದಲಾಗುತ್ತದೆ. ಕೆಲವು ಕಡೆ ಏರುತ್ತದೆ, ಕೆಲವು ಕಡೆ ಇಳಿಯುತ್ತದೆ. ಆದರೆ ಏರಿಳಿತ ಎಲ್ಲ ಕೂಡಿಸಿದರೆ ಸೊನ್ನೆ. ಒಟ್ಟು ಫ್ಲಕ್ಸ್ 2.26 × 10⁵ ಅಲ್ಲೇ ನಿಂತಿರುತ್ತದೆ. ಗೋಳವನ್ನು ಮುಟ್ಟಿ ಒಳಗೆ ದಾಟಿದ ಕೂಡಲೇ ಲೆಕ್ಕ 7ಕ್ಕೆ ಹಾರುತ್ತದೆ.

ಮಗನ_ಜೊತೆ_ಓದುವ_ಅಮ್ಮ

ನಾನು ನನ್ನ ಮಗನಿಗೆ ಹೇಳಿಕೊಡಬೇಕು ಅಂತ ಈ ಪಾಠ ಓದುತ್ತಿದ್ದೇನೆ. ವಿಜ್ಞಾನ ಬಿಟ್ಟು ಬಹಳ ವರ್ಷ ಆಯಿತು. ತಪ್ಪಿದ್ದರೆ ತಿದ್ದಿ. ನಮ್ಮ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ ನಾನೇ ಬರೆಯುವುದು. ತಿಂಗಳ ಕೊನೆಗೆ ಜಮಾ, ಖರ್ಚು ಸಮ ಬಂದರೆ ಉಳಿಕೆ ಸೊನ್ನೆ. ಹಾಗಂತ ಆ ತಿಂಗಳು ವ್ಯವಹಾರವೇ ನಡೆದಿಲ್ಲ ಅನ್ನಲು ಆಗುವುದಿಲ್ಲ. ಫ್ಲಕ್ಸ್ ಸೊನ್ನೆ ಅಂದರೂ ಹೀಗೇ ಅಲ್ವಾ? ಕ್ಷೇತ್ರ ಇರಬಹುದು, ಒಳಗೆ ಚಾರ್ಜ್‌ಗಳೂ ಇರಬಹುದು?

ಬಿಎಸ್ಸಿ_ಕೊನೇ_ವರ್ಷ

ಅಕ್ಕಾ, ಸರಿಯಾಗಿ ಹಿಡಿದಿದ್ದೀರಿ. ಒಳಗೆ +4 ಮತ್ತು −4 ಇಟ್ಟರೆ ಒಟ್ಟು ಚಾರ್ಜ್ ಸೊನ್ನೆ, ಫ್ಲಕ್ಸ್ ಸೊನ್ನೆ. ಇಂಥ ಜೋಡಿಯನ್ನೇ ದ್ವಿಧ್ರುವ, ಡೈಪೋಲ್ ಅನ್ನುತ್ತಾರೆ. ಆದರೆ ಮೇಲ್ಮೈಯ ಮೇಲೆ ಕ್ಷೇತ್ರ ಎಲ್ಲ ಕಡೆ ಇದೆ. "ಫ್ಲಕ್ಸ್ ಸೊನ್ನೆ ಆದ್ದರಿಂದ ಕ್ಷೇತ್ರ ಸೊನ್ನೆ" ಅನ್ನುವ ಆಯ್ಕೆ ಬಹುಆಯ್ಕೆ ಪ್ರಶ್ನೆಯಲ್ಲಿ ಕಂಡರೆ ಅದು ತಪ್ಪು ಅಂತ ಮಗನಿಗೆ ಹೇಳಿ. ತಿರುಗಿಸಿ ಹೇಳಿದರೆ ಮಾತ್ರ ಸರಿ. ಮೇಲ್ಮೈಯ ಎಲ್ಲ ಕಡೆ ಕ್ಷೇತ್ರ ಸೊನ್ನೆ ಇದ್ದರೆ ಫ್ಲಕ್ಸ್ ಸೊನ್ನೆ, ಒಳಗಿನ ಒಟ್ಟು ಚಾರ್ಜ್ ಕೂಡ ಸೊನ್ನೆ.

ನೀಟ್_ಎರಡನೇ_ಸಲ

ನನಗೂ ಒಂದು ಗೊಂದಲ ಇದೆ, ಇಲ್ಲೇ ಕೇಳುತ್ತೇನೆ. ಘನದ ಮಧ್ಯದಲ್ಲಿ ಕ್ಯೂ ಚಾರ್ಜ್ ಇದ್ದರೆ ಒಂದು ಮುಖದ ಫ್ಲಕ್ಸ್ ಕ್ಯೂ ಬೈ ಆರು ಎಪ್ಸಿಲಾನ್ ನಾಟ್. ಇದು ಸರಿ. ಅದನ್ನು ಮುಖದ ವಿಸ್ತೀರ್ಣದಿಂದ ಭಾಗಿಸಿದರೆ ಮುಖದ ಮೇಲಿನ ಕ್ಷೇತ್ರ ಸಿಗಬೇಕು ಅಲ್ವಾ? ನಾನು ಹಾಗೆ ಮಾಡಿದ ಉತ್ತರ ತಪ್ಪಾಯಿತು. ಗಾಸ್ ನಿಯಮ ಎಲ್ಲ ಆಕಾರಕ್ಕೂ ಸರಿ ಅಂತೀರಿ, ಘನಕ್ಕೆ ಯಾಕೆ ಕೈಕೊಟ್ಟಿತು?

ಹಳೇ_ಮೇಷ್ಟ್ರು

ನಿಯಮ ಘನಕ್ಕೂ ಸರಿ ಮಗಾ. ನೀನು ಭಾಗಿಸಿ ಪಡೆದದ್ದು ಸರಾಸರಿ. ಘನದ ಬದಿಯನ್ನು ಎ ಅನ್ನೋಣ. ಕೂಲಂಬ್ ಸ್ಥಿರಾಂಕ × ಕ್ಯೂ ÷ ಎ ವರ್ಗ, ಇದನ್ನು ಒಂದು ಅಳತೆ ಅಂತ ಇಟ್ಟುಕೊಳ್ಳೋಣ. ಮುಖದ ನಡುವೆ ದೂರ ಎ ಯ ಅರ್ಧ, ಆದ್ದರಿಂದ ಅಲ್ಲಿ ಕ್ಷೇತ್ರ 4 ಅಳತೆ, ಪೂರ್ತಿ ಮುಖಕ್ಕೆ ಲಂಬವಾಗಿ. ಮುಖದ ಮೂಲೆಯಲ್ಲಿ ದೂರ ಜಾಸ್ತಿ, ಜೊತೆಗೆ ಕ್ಷೇತ್ರ ಓರೆ. ಅಲ್ಲಿ ಲಂಬ ಪಾಲು ಸುಮಾರು 0.77 ಅಳತೆ ಮಾತ್ರ. ನೀನು ಭಾಗಿಸಿ ಪಡೆದ ಸಂಖ್ಯೆ 2.09 ಅಳತೆ. ನಡುವಿನ ಬಿಂದುವಿಗೂ ಅದು ಸರಿಯಲ್ಲ, ಮೂಲೆಗೂ ಸರಿಯಲ್ಲ.

ಗಾಸ್ ನಿಯಮ ಯಾವ ಮುಚ್ಚಿದ ಮೇಲ್ಮೈಗೂ ನಿಜ. ಆದರೆ ಅದರಿಂದ ಕ್ಷೇತ್ರ ಕಂಡುಹಿಡಿಯಲು ಆಗುವುದು ಮೇಲ್ಮೈಯ ಮೇಲೆ ಕ್ಷೇತ್ರ ಒಂದೇ ಸಮ ಇದೆ ಅಂತ ಮೊದಲೇ ಗೊತ್ತಿದ್ದಾಗ ಮಾತ್ರ. ಆ ಭರವಸೆ ನಿಯಮದಿಂದ ಬರುವುದಿಲ್ಲ, ಚಾರ್ಜ್ ಹರಡಿರುವ ಸಮರೂಪದಿಂದ ಬರುತ್ತದೆ. ಪುಸ್ತಕದಲ್ಲಿ ಮೂರೇ ಉದಾಹರಣೆ ಯಾಕೆ ಇವೆ ಅಂತ ಎಂದಾದರೂ ಯೋಚಿಸಿದ್ದೀಯಾ? ಗೋಳ, ಉದ್ದನೆಯ ತಂತಿ, ಅಗಲವಾದ ಹಾಳೆ. ತಂತಿಗೆ ಸಿಲಿಂಡರ್ ಹಾಕುತ್ತೇವೆ, ಅದರ ಎರಡು ಮುಚ್ಚಳದಲ್ಲಿ ಫ್ಲಕ್ಸ್ ಸೊನ್ನೆ, ಪಕ್ಕದಲ್ಲಿ ಎಲ್ಲ ಕಡೆ ಒಂದೇ ಕ್ಷೇತ್ರ. ಹಾಳೆಗೆ ಹಾಕಿದ ಡಬ್ಬಿಯಲ್ಲಿ ಇದು ಉಲ್ಟಾ, ಮುಚ್ಚಳಗಳೇ ಎಲ್ಲ ಕೆಲಸ ಮಾಡುತ್ತವೆ. ಪಿಯು ಮಟ್ಟದಲ್ಲಿ ನೀವು ಮಾಡುವ ಲೆಕ್ಕಗಳು ಹೆಚ್ಚು ಕಡಿಮೆ ಈ ಮೂರರ ಸುತ್ತಲೇ.

ದುರ್ಗದ ಹುಡುಗಿ, ನಿನ್ನ ಲೆಕ್ಕದ ಗೋಳದ ಮೇಲೆ ಕ್ಷೇತ್ರ ಎಷ್ಟು ಅಂತ ಕೇಳಿದರೆ ಗಾಸ್ ನಿಯಮ ಏನೂ ಹೇಳುವುದಿಲ್ಲ. ಗೋಳ ದುಂಡಗಿದ್ದರೆ ಸಾಲದು, ಚಾರ್ಜ್ ಕೂಡ ಹಾಗೇ ಹರಡಿರಬೇಕು. ಅಲ್ಲಿ ಮೂರು ಚಾರ್ಜ್‌ಗಳ ಕ್ಷೇತ್ರವನ್ನು ಕೂಲಂಬ್ ನಿಯಮದಿಂದ ತೆಗೆದು ಸದಿಶವಾಗಿ, ಅಂದರೆ ದಿಕ್ಕನ್ನೂ ಹಿಡಿದು ಕೂಡಿಸಬೇಕು. ಬೇರೆ ದಾರಿ ಇಲ್ಲ.

ನೀಟ್_ಎರಡನೇ_ಸಲ

ಸರ್, 4, 2.09, 0.77 ನೋಡಿದ ಮೇಲೆ ಎಲ್ಲಿ ತಪ್ಪಿದೆ ಅಂತ ಗೊತ್ತಾಯಿತು. ಹಾಗೇ ಇನ್ನೊಂದು: ಚಾರ್ಜ್ ಘನದ ಮೂಲೆಯಲ್ಲಿ ಇದ್ದರೆ? ಒಳಗೆ ಅನ್ನಬೇಕೋ ಹೊರಗೆ ಅನ್ನಬೇಕೋ?

ಬಿಎಸ್ಸಿ_ಕೊನೇ_ವರ್ಷ

ಇದನ್ನು ನಾನು ಹೇಳುತ್ತೇನೆ. ಒಂದೇ ಅಳತೆಯ ಎಂಟು ಬೆಂಕಿಪೊಟ್ಟಣ ತೆಗೆದುಕೋ. ಅವು ಘನ ಅಲ್ಲ, ಆದರೆ ಜೋಡಿಸಿ ನೋಡಲು ಸಾಕು. ಕೆಳಗೆ ನಾಲ್ಕು, ಮೇಲೆ ನಾಲ್ಕು ಇಡು. ಎಂಟೂ ಸೇರುವ ನಡುಬಿಂದುವಿನಲ್ಲಿ ಚಾರ್ಜ್ ಇದೆ ಅಂದುಕೋ. ಈಗ ಅದು ದೊಡ್ಡ ಘನದ ಸರಿಯಾದ ಮಧ್ಯ. ದೊಡ್ಡ ಘನದ ಒಟ್ಟು ಫ್ಲಕ್ಸ್ ಕ್ಯೂ ಬೈ ಎಪ್ಸಿಲಾನ್ ನಾಟ್. ಎಂಟು ಜನಕ್ಕೆ ಸಮಪಾಲು. ನಿನ್ನ ಘನಕ್ಕೆ ಎಂಟನೇ ಒಂದು.

ಇನ್ನು ಮುಖಗಳು. ಆ ಮೂಲೆಯನ್ನು ಮುಟ್ಟುವ ಮೂರು ಮುಖಗಳ ಮೇಲೆ ಕ್ಷೇತ್ರ ಮುಖದ ಉದ್ದಕ್ಕೇ ಮಲಗಿರುತ್ತದೆ, ಮೇಷ್ಟ್ರ ಮಲಗಿಸಿದ ಜರಡಿಯ ಹಾಗೆ. ಅಲ್ಲಿ ಫ್ಲಕ್ಸ್ ಸೊನ್ನೆ. ಎದುರಿನ ಮೂರು ಮುಖಗಳು ಎಂಟನೇ ಒಂದನ್ನು ಹಂಚಿಕೊಳ್ಳುತ್ತವೆ. ಒಂದಕ್ಕೆ ಇಪ್ಪತ್ನಾಲ್ಕನೇ ಒಂದು. ಚಾರ್ಜ್ ಒಂದು ಮುಖದ ನಡುವೆ ಕೂತಿದ್ದರೆ ಎರಡು ಘನ ಸಾಕು, ಪಾಲು ಅರ್ಧ. ಅಂಚಿನ ಮೇಲಿದ್ದರೆ ನಾಲ್ಕು ಘನ, ಪಾಲು ಕಾಲು.

ಇದರಲ್ಲಿ ಒಳಗೋ ಹೊರಗೋ ಅನ್ನುವ ಜಗಳಕ್ಕೆ ಹೋಗಬೇಡ. ಬಿಂದು ಚಾರ್ಜ್ ಸರಿಯಾಗಿ ಮೇಲ್ಮೈ ಮೇಲೆ ಕೂತಾಗ ಅಲ್ಲಿನ ಕ್ಷೇತ್ರಕ್ಕೆ ಬೆಲೆಯೇ ಇರುವುದಿಲ್ಲ. ಅದನ್ನು ತಪ್ಪಿಸಿಕೊಳ್ಳಲೆಂದೇ ದೊಡ್ಡ ಘನ ಕಟ್ಟುವುದು.

ಲೈನ್_ಎಂಜಿನಿಯರ್_ಹುಬ್ಬಳ್ಳಿ

ಇಷ್ಟು ಹೊತ್ತು ಎಲ್ಲ ಕಾಗದದ ಮೇಲೆ ನಡೆಯಿತು. ಒಳಗಿನ ಚಾರ್ಜ್ ಎಷ್ಟು ಅನ್ನುವುದನ್ನು ಹೊರಗಿನಿಂದಲೇ ಅಳೆದು ತೋರಿಸಿದ ಪ್ರಯೋಗ ಒಂದಿದೆ. 1843ರಲ್ಲಿ ಮೈಕೆಲ್ ಫ್ಯಾರಡೆ ಮಾಡಿದ್ದು. ನನಗೆ ಗಾಸ್ ನಿಯಮ ನಿಜವಾಗಿ ಮನಸ್ಸಿಗೆ ಇಳಿದದ್ದು ಅದನ್ನು ಓದಿದ ಮೇಲೆ.

ಅವರು ಒಂದು ಲೋಹದ ಬಕೆಟ್ ತೆಗೆದುಕೊಂಡರು, ಐಸ್ ಇಡುವಂಥದ್ದು. ಅದನ್ನು ವಿದ್ಯುತ್ ಹಾಯದ ಪೀಠದ ಮೇಲೆ ಇಟ್ಟರು. ಬಕೆಟ್‌ನ ಹೊರಮೈಗೆ ಚಿನ್ನದ ತಗಡಿನ ಎಲೆಕ್ಟ್ರೋಸ್ಕೋಪ್ ಜೋಡಿಸಿದರು; ಚಾರ್ಜ್ ಬಂದರೆ ಅದರ ಎಲೆಗಳು ಅಗಲುತ್ತವೆ. ಚಾರ್ಜ್ ಕೊಟ್ಟ ಹಿತ್ತಾಳೆಯ ಗುಂಡನ್ನು ರೇಷ್ಮೆ ದಾರದಲ್ಲಿ ಕಟ್ಟಿ ನಿಧಾನವಾಗಿ ಬಕೆಟ್‌ನೊಳಗೆ ಇಳಿಸಿದರು. ತಗಡಿನ ಎಲೆಗಳು ಅಗಲುತ್ತಾ ಹೋದವು. ಗುಂಡು ಸಾಕಷ್ಟು ಆಳಕ್ಕೆ ಇಳಿದ ಮೇಲೆ ಎಲೆಗಳು ಒಂದೇ ಜಾಗದಲ್ಲಿ ನಿಂತವು. ಗುಂಡನ್ನು ಒಳಗೆ ಅತ್ತಿತ್ತ ಸರಿಸಿದರೂ ಬದಲಾವಣೆ ಇಲ್ಲ. ಬಕೆಟ್‌ಗೆ ತಾಗಿಸಿದರೂ ಬದಲಾವಣೆ ಇಲ್ಲ! ಹೊರಗೆ ತೆಗೆದು ನೋಡಿದರೆ ಗುಂಡಿನಲ್ಲಿ ಚಾರ್ಜ್ ಉಳಿದೇ ಇರಲಿಲ್ಲ.

ಯಾಕೆ ಹೀಗೆ? ಲೋಹದ ದಪ್ಪದೊಳಗೆ, ಚಾರ್ಜ್‌ಗಳು ಓಡಾಡಿ ನಿಂತ ಮೇಲೆ, ಕ್ಷೇತ್ರ ಸೊನ್ನೆ. ಆ ದಪ್ಪದೊಳಗೇ ಒಂದು ಗಾಸ್ ಮೇಲ್ಮೈ, ಅಂದರೆ ಕಲ್ಪನೆಯ ಮುಚ್ಚಿದ ಮೇಲ್ಮೈ ಎಳೆಯಿರಿ. ಫ್ಲಕ್ಸ್ ಸೊನ್ನೆ, ಅಂದರೆ ಒಳಗಿನ ಒಟ್ಟು ಚಾರ್ಜ್ ಸೊನ್ನೆ. ಗುಂಡಿನಲ್ಲಿ ಪ್ಲಸ್ ಇದ್ದರೆ ಬಕೆಟ್‌ನ ಒಳಮೈಯಲ್ಲಿ ಸರಿಯಾಗಿ ಅಷ್ಟೇ ಮೈನಸ್ ಬಂದು ಕೂರಲೇಬೇಕು. ಬಕೆಟ್‌ಗೆ ಮೊದಲು ಚಾರ್ಜ್ ಇರಲಿಲ್ಲ, ಆದ್ದರಿಂದ ಹೊರಮೈಯಲ್ಲಿ ಅಷ್ಟೇ ಪ್ಲಸ್ ಬರುತ್ತದೆ. ಎಲೆಗಳು ತೋರಿಸುವುದು ಅದನ್ನೇ. ಗುಂಡು ಎಲ್ಲಿದೆ ಅನ್ನುವುದು ಮುಖ್ಯ ಅಲ್ಲ, ಒಳಗೆ ಎಷ್ಟಿದೆ ಅನ್ನುವುದು ಮುಖ್ಯ. ಬಕೆಟ್‌ನ ಬಾಯಿ ತೆರೆದಿದೆಯಲ್ಲ ಅಂತ ಕೇಳಬಹುದು. ಅದಕ್ಕೇ ಗುಂಡನ್ನು ಆಳಕ್ಕೆ ಇಳಿಸಬೇಕಾದದ್ದು.

ಸಿಡಿಲು ಬಡಿಯುವಾಗ ಲೋಹದ ಮೈಯಿರುವ ಕಾರಿನೊಳಗೆ ಗಾಜು ಏರಿಸಿ ಕೂರಬೇಕು ಅನ್ನುವ ಮಾತಿನ ಹಿಂದೆಯೂ ಇದೇ ಇದೆ. ಲೋಹದ ಕವಚ ಒಳಗಿನವರನ್ನು ಹೊರಗಿನ ಕ್ಷೇತ್ರದಿಂದ ಕಾಪಾಡುತ್ತದೆ. ಟೈರಿನ ರಬ್ಬರ್ ಕಾಪಾಡುತ್ತದೆ ಅನ್ನುವುದು ತಪ್ಪು ನಂಬಿಕೆ.

ಹಳೇ_ಮೇಷ್ಟ್ರು

ಫ್ಯಾರಡೆ ಹೆಸರು ಬಂದದ್ದು ಸಂತೋಷ. ಕೂಲಂಬ್ ಬಲದ ನಿಯಮವನ್ನು ತಿರುಚು ತಕ್ಕಡಿಯಲ್ಲಿ ಅಳೆದು ತೋರಿಸಿದ್ದು 1785ರಲ್ಲಿ. ಗಾಸ್ ತಮ್ಮ ನಿಯಮವನ್ನು ರೂಪಿಸಿದ್ದು 1835ರಲ್ಲಿ. ಅದು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1867ರಲ್ಲಿ. ಗಣಿತಜ್ಞ ಲಗ್ರಾಂಜ್ 1773ರಲ್ಲೇ ಗುರುತ್ವದ ಲೆಕ್ಕದಲ್ಲಿ ಇದೇ ದಾರಿಯಲ್ಲಿ ನಡೆದಿದ್ದರು. ಗುರುತ್ವಕ್ಕೂ ಇದು ಯಾಕೆ ಹೊಂದುತ್ತದೆ? ಅಲ್ಲೂ ಬಲ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಬಲ ದೂರದ ಘನಕ್ಕೆ ವಿಲೋಮ ಇದ್ದಿದ್ದರೆ ಪೊಟ್ಟಣದ ಲೆಕ್ಕ ಕೆಡುತ್ತಿತ್ತು. ದೂರ ಎರಡು ಪಟ್ಟಾದಾಗ ಕ್ಷೇತ್ರ ಎಂಟನೇ ಒಂದು, ವಿಸ್ತೀರ್ಣ ನಾಲ್ಕೇ ಪಟ್ಟು. 112.5 ಒಳಗೆ ಬಂದರೆ 56.25 ಮಾತ್ರ ಹೊರಗೆ ಹೋಗುತ್ತಿತ್ತು.

ಹಾಗಾದರೆ ಆ ವರ್ಗ ನಿಜವಾಗಿ 2ನೇ ಘಾತವೇ, 2.1 ಇರಬಹುದೇ? ಹೆನ್ರಿ ಕ್ಯಾವೆಂಡಿಶ್ 1770ರ ದಶಕದಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಒಂದು ಗೋಳದ ಸುತ್ತ ಎರಡು ಅರ್ಧಗೋಳಗಳ ಚಿಪ್ಪು. ಚಿಪ್ಪಿಗೆ ಚಾರ್ಜ್ ಕೊಟ್ಟು, ಒಳಗಿನ ಗೋಳವನ್ನು ತಂತಿಯಿಂದ ಜೋಡಿಸಿ, ಆಮೇಲೆ ಬೇರೆ ಮಾಡಿ ನೋಡಿದರು. ಒಳಗಿನ ಗೋಳದಲ್ಲಿ ಚಾರ್ಜ್ ಸಿಗಲಿಲ್ಲ. ಘಾತ 2ರಿಂದ ಐವತ್ತನೇ ಒಂದಕ್ಕಿಂತ ಹೆಚ್ಚು ದೂರ ಇರಲಾರದು ಅಂತ ಲೆಕ್ಕ ಹಾಕಿದರು. ಅದನ್ನು ಅವರು ಅಚ್ಚು ಹಾಕಿಸಲಿಲ್ಲ. ಒಂದು ಶತಮಾನದ ಮೇಲೆ, 1879ರಲ್ಲಿ, ಮ್ಯಾಕ್ಸ್‌ವೆಲ್ ಆ ಟಿಪ್ಪಣಿಗಳನ್ನು ಹೊರತಂದರು.

ದುರ್ಗದ ಹುಡುಗಿ, ಈಗ ನಿನಗೆ ಎರಡು ಲೆಕ್ಕ ಕೊಡುತ್ತೇನೆ. ನೀನೇ ಮಾಡಿ ಇಲ್ಲಿ ಹಾಕು.

ಒಂದು. ಕ್ಷೇತ್ರ ಬಲಕ್ಕೆ ಮುಖ ಮಾಡಿದೆ. ಅದರ ಬೆಲೆ 100 × ಮೂಲಬಿಂದುವಿನಿಂದ ಇರುವ ದೂರ. ದೂರ ಮೀಟರ್‌ನಲ್ಲಿ. 10 ಸೆಂ.ಮೀ. ಬದಿಯ ಘನ, ಎಡ ಮುಖ 0.1 ಮೀಟರ್‌ನಲ್ಲಿ, ಬಲ ಮುಖ 0.2 ಮೀಟರ್‌ನಲ್ಲಿ. ಒಳಗೆ ಎಷ್ಟು ಚಾರ್ಜ್ ಇದೆ?

ಎರಡು. ಮೋಡ ಇಲ್ಲದ ದಿನ ಭೂಮಿಯ ಮೇಲೆ ಸುಮಾರು 100 ನ್ಯೂಟನ್ ಪ್ರತಿ ಕೂಲಂಬ್ ಕ್ಷೇತ್ರ ಇರುತ್ತದೆ. ದಿಕ್ಕು ನೆಲದ ಕಡೆಗೆ. ಭೂಮಿಯನ್ನು ವಾಹಕ ಅಂತ ತೆಗೆದುಕೋ. ಅದರ ಒಟ್ಟು ಚಾರ್ಜ್ ಎಷ್ಟು? ಭೂಮಿಯ ಮೇಲ್ಮೈ 5.1 × 10¹⁴ ಚದರ ಮೀಟರ್.

ದುರ್ಗದ_ಹುಡುಗಿ

ಸರ್, ಕಾಲೇಜಿನಿಂದ ಬಂದು ಕೂತು ಮಾಡಿದೆ.

ಮೊದಲನೆಯದು. ಮೇಲೆ, ಕೆಳಗೆ, ಮುಂದೆ, ಹಿಂದೆ ಇರುವ ನಾಲ್ಕು ಮುಖಗಳಲ್ಲಿ ಕ್ಷೇತ್ರ ಮುಖದ ಉದ್ದಕ್ಕೆ ಇದೆ. ಸೊನ್ನೆ. ಎಡ ಮುಖದಲ್ಲಿ ಕ್ಷೇತ್ರ 10, ವಿಸ್ತೀರ್ಣ 0.01, ಒಳಗೆ ಬರುತ್ತದೆ, −0.1. ಬಲ ಮುಖದಲ್ಲಿ ಕ್ಷೇತ್ರ 20, ಹೊರಗೆ ಹೋಗುತ್ತದೆ, +0.2. ಒಟ್ಟು ಫ್ಲಕ್ಸ್ +0.1. ಚಾರ್ಜ್ 8.85 × 10⁻¹³ ಕೂಲಂಬ್. ಕ್ಷೇತ್ರ ಮಾತ್ರ ಕೊಟ್ಟರೆ ಒಳಗೆ ನೋಡದೆಯೇ ಚಾರ್ಜ್ ಸಿಕ್ಕಿತು. ಇದು ಫ್ಯಾರಡೆಯ ಬಕೆಟ್ ತರಹವೇ ಅಲ್ವಾ ಸರ್?

ಎರಡನೆಯದರಲ್ಲಿ ಒಂದು ಸಲ ತಪ್ಪು ಮಾಡಿದೆ. ಹಾಳೆಯ ಸೂತ್ರ ಹಾಕಿ ಎರಡರಿಂದ ಗುಣಿಸಿಬಿಟ್ಟೆ. ಆಮೇಲೆ ಡಬ್ಬಿ ಬರೆದು ನೋಡಿದೆ. ಅರ್ಧ ನೆಲದೊಳಗೆ, ಅರ್ಧ ಗಾಳಿಯಲ್ಲಿ. ನೆಲದೊಳಗಿನ ಮುಚ್ಚಳದಲ್ಲಿ ಕ್ಷೇತ್ರ ಸೊನ್ನೆ, ಯಾಕೆಂದರೆ ವಾಹಕ. ಆದ್ದರಿಂದ ಒಂದೇ ಮುಚ್ಚಳ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಕ್ಷೇತ್ರ ಕೆಳಗೆ ಬರುತ್ತಿದೆ, ಅಂದರೆ ಡಬ್ಬಿಯ ಒಳಗೆ. ಒಂದು ಚದರ ಮೀಟರ್‌ಗೆ ಫ್ಲಕ್ಸ್ −100. ಚಾರ್ಜ್ −8.85 × 10⁻¹⁰ ಕೂಲಂಬ್. ಇದನ್ನು ಒಂದು ಎಲೆಕ್ಟ್ರಾನ್‌ನ ಚಾರ್ಜ್‌ನಿಂದ ಭಾಗಿಸಿದರೆ ಒಂದು ಚದರ ಮೀಟರ್ ನೆಲದಲ್ಲಿ ಸುಮಾರು 550 ಕೋಟಿ ಎಲೆಕ್ಟ್ರಾನ್ ಹೆಚ್ಚಿಗೆ ಇವೆ. ಇಡೀ ಭೂಮಿಗೆ ಸುಮಾರು −4.5 ಲಕ್ಷ ಕೂಲಂಬ್.

ಉತ್ತರ ಸರಿಯಾ ಸರ್? ಸರಿ ಇದ್ದರೆ ನನಗೆ ಇನ್ನೊಂದು ಪ್ರಶ್ನೆ. ಇಷ್ಟು ಮೈನಸ್ ಇದ್ದರೆ ಭೂಮಿಯ ಸುತ್ತ ಇನ್ನೂ ದೊಡ್ಡ ಗೋಳ ಎಳೆದರೂ ಅಷ್ಟೇ ಫ್ಲಕ್ಸ್ ಬರಬೇಕು. ಆಕಾಶದಲ್ಲಿ ಎತ್ತರಕ್ಕೆ ಹೋದರೂ ಕ್ಷೇತ್ರ ಹೆಚ್ಚು ಕಡಿಮೆ 100 ಇರಬೇಕು. ಇರುತ್ತದಾ?

ಹಳೇ_ಮೇಷ್ಟ್ರು

ಎರಡೂ ಸರಿ. ಮೈನಸ್ ಗುರುತು ಕೂಡ ಸರಿ. ಹೌದು, ಘನದ ಲೆಕ್ಕ ಬಕೆಟ್ ತರಹವೇ.

ಎತ್ತರಕ್ಕೆ ಹೋದಂತೆ ಕ್ಷೇತ್ರ ಬೇಗ ಬೇಗ ಕಡಿಮೆಯಾಗುತ್ತದೆ, 100 ಉಳಿಯುವುದಿಲ್ಲ. ಗಾಸ್ ನಿಯಮವನ್ನು ನಂಬಿ ನೀನೇ ಹೇಳು. ನೆಲದಿಂದ ಮೇಲಕ್ಕೆ ಒಂದು ಉದ್ದನೆಯ ಡಬ್ಬಿ ಎಳೆ. ಮೇಲಿನ ಮುಚ್ಚಳದಲ್ಲಿ ಕ್ಷೇತ್ರ ಬಹಳ ಕಡಿಮೆ. ಡಬ್ಬಿಯೊಳಗೆ ಏನಿರಬೇಕು?

ದುರ್ಗದ_ಹುಡುಗಿ

ನೆಲದ ಮೈನಸ್ ಅನ್ನು ಹೆಚ್ಚು ಕಡಿಮೆ ಸರಿದೂಗಿಸುವಷ್ಟು ಪ್ಲಸ್ ಗಾಳಿಯಲ್ಲೇ ಇರಬೇಕು ಸರ್.

ಹಳೇ_ಮೇಷ್ಟ್ರು

ಹೌದಮ್ಮಾ, ಗಾಳಿಯಲ್ಲೇ ಇದೆ.